ಯಾರ ಲೆಕ್ಕ ಯಾವ ಊರಿಗೆ?

ರಾಯಚೂರು ಜಿಲ್ಲೆ ದೇವದುರ್ಗದ ಹುಡುಗಿಯೊಬ್ಬಳನ್ನು ಪಕ್ಕದ ಯಾದಗಿರಿ ಜಿಲ್ಲೆಯ ಶಹಾಪುರಕ್ಕೆ ಕೊಟ್ಟಿದ್ದಾರೆ ಅಂತಿಟ್ಟುಕೊಳ್ಳಿ. ಚೊಚ್ಚಲ ಬಸಿರು. ಕುಬಸ ಮುಗಿಸಿ ತವರಿಗೆ ಕರೆತಂದರು. ಹೆರಿಗೆ ದೇವದುರ್ಗದ ಸರ್ಕಾರಿ ಆಸ್ಪತ್ರೆಯಲ್ಲಿ ಆಯಿತು. ಮಗುವಿನ ತೂಕ ಕಮ್ಮಿ ಇದೆ ಅಂತ ರಾಯಚೂರಿಗೆ ಬರೆದುಕೊಟ್ಟರು. ಗಂಡ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿ ಎರಡು ವರ್ಷವಾಯಿತು. ಕೂಲಿ ಬಟವಾಡೆಯಾದಾಗಲೆಲ್ಲ ಮೊಬೈಲಿನಲ್ಲಿ ದುಡ್ಡು ಹಾಕುತ್ತಾನೆ.

ಈಗ ಲೆಕ್ಕ ಬರೆಯೋಣ. ಮಗು ಹುಟ್ಟಿದ್ದು ದೇವದುರ್ಗದ ಪುಸ್ತಕದಲ್ಲಿ. ಹುಟ್ಟು, ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ ಆಗಬೇಕು ಎಂಬುದು ನಮ್ಮ ಕಾನೂನು. ಮಗು ಉಳಿಯದೆ ಹೋದರೆ ಆ ಸಾವು ರಾಯಚೂರು ನಗರದ ಖಾತೆಗೆ. ಗಂಡ ಎತ್ತಿದ ಗೋಡೆಯ ಬೆಲೆ ಬೆಂಗಳೂರಿನ ಉತ್ಪನ್ನಕ್ಕೆ. ಅವನು ಮನೆಗೆ ಕಳಿಸಿದ ದುಡ್ಡು ಯಾವ ಜಿಲ್ಲೆಯ ಉತ್ಪನ್ನದ ಪಟ್ಟಿಯಲ್ಲೂ ಬರುವುದಿಲ್ಲ. ಈ ಮೂವರ ಮನೆ ಇರುವುದು ಶಹಾಪುರದಲ್ಲಿ. ಅಲ್ಲಿನ ಪುಟ ಮಾತ್ರ ಖಾಲಿ.

ಈ ಕುಟುಂಬ ನಾನು ಕಲ್ಪಿಸಿಕೊಂಡಿದ್ದು. ಆದರೆ ಇಂಥವು ನಮ್ಮಲ್ಲಿ ಸಾವಿರಾರು ಇವೆ. ಇದನ್ನು ಮೊದಲೇ ಹೇಳಲು ಕಾರಣವಿದೆ. ಜನರ ಆರೋಗ್ಯ ಮತ್ತು ಆದಾಯವನ್ನು ದೇಶದ ಮಟ್ಟದಲ್ಲಿ ಅಳೆದರೆ ಸಾಲದು, ಜಿಲ್ಲೆ, ತಾಲ್ಲೂಕು, ಊರಿನ ಮಟ್ಟದಲ್ಲೇ ಅಳೆಯಬೇಕು ಎಂಬ ಮಾತು ಈಗ ಜಗತ್ತಿನಾದ್ಯಂತ ಕೇಳಿಬರುತ್ತಿದೆ. ಉಪಗ್ರಹ ಇದೆ, ಕಂಪ್ಯೂಟರ್ ಇದೆ, ಇನ್ನೇನು ಬೇಕು ಅನ್ನುವ ಉತ್ಸಾಹವೂ ಜಾಸ್ತಿಯೇ ಇದೆ. ಅಳತೆಯ ಉಪಕರಣಗಳೇನೋ ಸುಧಾರಿಸಿವೆ. ಯಾರ ಲೆಕ್ಕವನ್ನು ಯಾವ ಊರಿಗೆ ಬರೆಯಬೇಕು ಎಂಬ ಹಳೇ ತಕರಾರು ಮಾತ್ರ ಇದ್ದಲ್ಲೇ ಇದೆ. ಊರು ಚಿಕ್ಕದಾದಷ್ಟೂ ಈ ತಕರಾರು ದೊಡ್ಡದಾಗುತ್ತದೆ.

ಮೇಲಿನಿಂದ ಕೆಳಕ್ಕೆ

1990ರ ತನಕ ದೇಶವೊಂದು ಮುಂದುವರಿದಿದೆಯಾ ಅಂತ ಕೇಳಿದರೆ ತಲಾ ಆದಾಯ ತೋರಿಸುತ್ತಿದ್ದರು. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಮತ್ತು ನಮ್ಮ ಅಮರ್ತ್ಯ ಸೇನ್ ಸೇರಿ ಇದನ್ನು ಬದಲಿಸಿದರು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ ಮಾನವ ಅಭಿವೃದ್ಧಿ ಸೂಚ್ಯಂಕ ಬಂತು. ಆಯಸ್ಸು, ಓದು, ಆದಾಯ ಮೂರನ್ನೂ ಸೇರಿಸಿ ಸೊನ್ನೆಯಿಂದ ಒಂದರ ನಡುವೆ ಒಂದು ಅಂಕ. 2025ರ ವರದಿಯಲ್ಲಿ ಭಾರತಕ್ಕೆ ಸಿಕ್ಕಿದ್ದು 0.685. 193 ದೇಶಗಳಲ್ಲಿ 130ನೇ ಸ್ಥಾನ.

ಪ್ರತಿ ವರ್ಷ ಈ ಸ್ಥಾನ ಪ್ರಕಟವಾದಾಗ ಟಿವಿಯಲ್ಲಿ ಒಂದು ದಿನ ಗಲಾಟೆ ಆಗುತ್ತದೆ. ಆದರೆ 140 ಕೋಟಿ ಜನಕ್ಕೆ ಒಂದೇ ಅಂಕ ಅಂದರೆ ಏನರ್ಥ? ಉಡುಪಿಯ ಅಜ್ಜಿಗೂ ಯಾದಗಿರಿಯ ಕೂಸಿಗೂ ಅದೇ 0.685. ಹಾಗಾಗಿ ದೇಶವನ್ನು ಒಡೆದು ನೋಡುವ ಕೆಲಸ ಶುರುವಾಯಿತು. ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು 160ಕ್ಕೂ ಹೆಚ್ಚು ದೇಶಗಳ 1,600ಕ್ಕೂ ಹೆಚ್ಚು ಪ್ರಾಂತ್ಯಗಳಿಗೆ ಈ ಸೂಚ್ಯಂಕವನ್ನು ಲೆಕ್ಕ ಹಾಕಿದ್ದಾರೆ. ಭಾರತದ ಮಟ್ಟಿಗೆ ಅದು ರಾಜ್ಯಕ್ಕೇ ನಿಲ್ಲುತ್ತದೆ. ಕರ್ನಾಟಕವೇ ಎಷ್ಟೋ ದೇಶಗಳಿಗಿಂತ ದೊಡ್ಡದು, ಹಾಗಾಗಿ ನಮಗೆ ಅದರಿಂದ ಹೆಚ್ಚು ಉಪಯೋಗವಿಲ್ಲ.

2023ರಲ್ಲಿ ಅಮೆರಿಕದ ಸಂಶೋಧಕರ ತಂಡವೊಂದು ಇನ್ನೂ ಕೆಳಕ್ಕೆ ಇಳಿಯಿತು. ಉಪಗ್ರಹ ಚಿತ್ರಗಳನ್ನು ಕಂಪ್ಯೂಟರ್‌ಗೆ ಕಲಿಸಿ, ಜಗತ್ತಿನ 60 ಸಾವಿರಕ್ಕೂ ಹೆಚ್ಚು ಸ್ಥಳೀಯ ಘಟಕಗಳಿಗೆ ಅಂದಾಜು ಅಂಕ ಕೊಟ್ಟರು. ಅವರು ಕಂಡುಕೊಂಡ ಒಂದು ವಿಷಯ ಗಮನಿಸುವಂಥದ್ದು. ಪ್ರತಿ ದೇಶದ ಜನರನ್ನೂ ಅಭಿವೃದ್ಧಿಯ ಐದು ಮೆಟ್ಟಿಲ ಮೇಲೆ ನಿಲ್ಲಿಸಿದರೆ, ಪ್ರಾಂತ್ಯದ ಸರಾಸರಿಯನ್ನು ನಂಬಿಕೊಂಡಿದ್ದರಿಂದ ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಜನ ಇಲ್ಲಿಯವರೆಗೆ ತಪ್ಪು ಮೆಟ್ಟಿಲ ಮೇಲಿದ್ದರಂತೆ. ಶ್ರೀಮಂತ ಪ್ರಾಂತ್ಯದ ಬಡ ಊರು ಶ್ರೀಮಂತರ ಸಾಲಿನಲ್ಲಿ, ಬಡ ಪ್ರಾಂತ್ಯದ ಅನುಕೂಲಸ್ಥ ಪಟ್ಟಣ ಬಡವರ ಸಾಲಿನಲ್ಲಿ.

ಕನಕಪುರ ಎಲ್ಲಿದೆ?

ಇದು ನಮಗೆ ಹೊಸ ಸಂಗತಿ ಅಲ್ಲ. ಉಪಗ್ರಹದ ಸಹವಾಸವೇ ಇಲ್ಲದೆ, ಸರ್ಕಾರಿ ಕಚೇರಿಗಳ ಕಡತಗಳಿಂದಲೇ ಕರ್ನಾಟಕ ಇದನ್ನು 2002ರಲ್ಲಿ ಕಂಡುಕೊಂಡಿತ್ತು. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರ ಸಮಿತಿ ಆಗಿದ್ದ 175 ತಾಲ್ಲೂಕುಗಳನ್ನೂ 35 ಸೂಚಕಗಳಲ್ಲಿ ಅಳೆಯಿತು. ಹತ್ತು ಸಾವಿರ ಜನಕ್ಕೆ ಎಷ್ಟು ವೈದ್ಯರು, ಎಷ್ಟು ಆಸ್ಪತ್ರೆ ಹಾಸಿಗೆ, ಲಕ್ಷ ಜನಕ್ಕೆ ಎಷ್ಟು ಬ್ಯಾಂಕ್ ಶಾಖೆ, ಶಾಲೆ ಬಿಟ್ಟ ಮಕ್ಕಳೆಷ್ಟು, ಹೀಗೆ. ಎಲ್ಲ ಸೇರಿಸಿ ತಾಲ್ಲೂಕಿಗೊಂದು ಅಂಕ. ರಾಜ್ಯದ ಸರಾಸರಿಯನ್ನು 1 ಅಂತ ಇಟ್ಟುಕೊಂಡರು. ಅದಕ್ಕಿಂತ ಕೆಳಗೆ ಬಿದ್ದವು 114 ತಾಲ್ಲೂಕು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ತೀರಾ ಕೊನೆಯಲ್ಲಿ 0.53 ಅಂಕದೊಂದಿಗೆ ದೇವದುರ್ಗ.

ಉತ್ತರ ಕರ್ನಾಟಕ ಹಿಂದುಳಿದಿದೆ ಎಂಬ ಮಾತಿಗೆ ಈ ವರದಿ ಅಂಕಿ ಕೊಟ್ಟಿತು. 39ರಲ್ಲಿ 26 ಆ ಕಡೆಯವು, ಅದರಲ್ಲೂ 21 ಕಲಬುರಗಿ ವಿಭಾಗದವು. ಮುಂದೆ ಕಲಬುರಗಿ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ತನಕ ಹೋದ ಹೋರಾಟಕ್ಕೆ ಈ ಪಟ್ಟಿ ಬಲವಾದ ಆಧಾರವಾಯಿತು. ಆದರೆ ಆ 39ರ ಉಳಿದ 13 ತಾಲ್ಲೂಕುಗಳನ್ನು ನೋಡಿ. ಪಾವಗಡ, ಮಧುಗಿರಿ, ಎಚ್.ಡಿ. ಕೋಟೆ ಇವೆ, ಅದೇನೂ ಆಶ್ಚರ್ಯವಲ್ಲ. ಜೊತೆಗೆ ಕನಕಪುರ ಇದೆ, ಮಾಗಡಿ ಇದೆ. ಬೆಂಗಳೂರಿನಿಂದ ಬಸ್ ಹತ್ತಿದರೆ ಒಂದೂವರೆ ಎರಡು ಗಂಟೆ ದಾರಿ. ರಾಜಧಾನಿಯ ಮಗ್ಗುಲಲ್ಲೇ ಇದ್ದು ದೇವದುರ್ಗದ ಸಾಲಿನಲ್ಲಿ ಕೂತಿದ್ದವು. ಜಿಲ್ಲೆಯ ಸರಾಸರಿ ನೋಡುತ್ತಾ ಕೂತಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಈ ವರದಿಯ ಬಗ್ಗೆ ನನಗೆ ಗೌರವವಿದೆ. ಆದರೂ ಎರಡು ತಕರಾರು ಇವೆ. ಒಂದು, ಸರಾಸರಿಯನ್ನೇ ಗೆರೆ ಮಾಡಿಕೊಂಡಿದ್ದು. 175ರಲ್ಲಿ 114 ತಾಲ್ಲೂಕು ಸರಾಸರಿಗಿಂತ ಕೆಳಗೆ ಅಂದರೆ ಮೂರರಲ್ಲಿ ಎರಡು ಪಾಲು! ಇದು ಹೇಗೆ? ಬೆಂಗಳೂರು, ಮಂಗಳೂರಿನಂಥ ಕೆಲವು ಕಡೆ ಅಂಕ ಎಷ್ಟು ಮೇಲಿದೆ ಅಂದರೆ ಅವು ಸರಾಸರಿಯನ್ನೇ ಮೇಲಕ್ಕೆ ಎಳೆದುಬಿಡುತ್ತವೆ. ಓಟದಲ್ಲಿ ಮುಂದಿರುವವನೇ ಗೆರೆಯನ್ನೂ ಹಿಡಿದುಕೊಂಡು ಓಡಿದ ಹಾಗೆ. ನಾಳೆ ದೇವದುರ್ಗದಲ್ಲಿ ಎಲ್ಲವೂ ಎರಡು ಪಟ್ಟು ಸುಧಾರಿಸಿ, ಬೆಂಗಳೂರು ಸೇರಿ ಉಳಿದ ರಾಜ್ಯವೂ ಎರಡು ಪಟ್ಟು ಬೆಳೆದರೆ ದೇವದುರ್ಗದ ಅಂಕ ಇದ್ದಲ್ಲೇ ಇರುತ್ತದೆ. ಅಲ್ಲಿನ ತಾಯಿಗೆ ಬೇಕಿರುವುದು ಬೆಂಗಳೂರಿನ ಜೊತೆ ಹೋಲಿಕೆ ಅಲ್ಲ, ಮಗು ಬದುಕುವುದು, ಅಲ್ವಾ?

ಎರಡನೆಯದು, ಆರೋಗ್ಯ ಅಂತ ಅಳೆದಿದ್ದು ವೈದ್ಯರು ಮತ್ತು ಹಾಸಿಗೆಗಳನ್ನು. ಅವು ಆರೋಗ್ಯಕ್ಕೆ ಮಾಡಿಕೊಂಡ ಏರ್ಪಾಡು. ಜನ ಎಷ್ಟು ವರ್ಷ ಬದುಕುತ್ತಾರೆ, ಎಷ್ಟು ಮಕ್ಕಳು ಕುಳ್ಳಾಗಿ ಉಳಿಯುತ್ತಾರೆ ಎಂಬುದು ಅದರ ಫಲ. ಮದುವೆಗೆ ಎಷ್ಟು ಎಲೆ ಹಾಕಿದರು ಅಂತ ಎಣಿಸಿದರೆ ಊಟ ಹೇಗಿತ್ತು ಅಂತ ಗೊತ್ತಾಗುವುದಿಲ್ಲ. ಇದು ಸಮಿತಿಯ ಸೋಮಾರಿತನ ಅಲ್ಲ. ತಾಲ್ಲೂಕು ಮಟ್ಟದಲ್ಲಿ ಆಯಸ್ಸಿನ ಲೆಕ್ಕ ಆಗ ಇರಲಿಲ್ಲ. ಈಗಲೂ ಇಲ್ಲ. ನಮ್ಮ ಆಯಸ್ಸಿನ ಅಂಕಿ ಬರುವುದು ಮಾದರಿ ನೋಂದಣಿ ವ್ಯವಸ್ಥೆಯಿಂದ, ಅಂದರೆ ಆಯ್ದ ಕೆಲವು ಕಡೆ ಮಾತ್ರ ಹುಟ್ಟು, ಸಾವು ಎಣಿಸುವ ಏರ್ಪಾಡಿನಿಂದ. ಅದು ರಾಜ್ಯಕ್ಕೆ ನಿಲ್ಲುತ್ತದೆ, ಜಿಲ್ಲೆಗೂ ಇಳಿಯುವುದಿಲ್ಲ.

ಚಿನ್ನ ಒಂದು ಕಡೆ, ತಾಟು ಒಂದು ಕಡೆ

ದುಡ್ಡಿನ ಲೆಕ್ಕಕ್ಕೆ ಬರೋಣ. ಇದು ಸುಲಭ ಅಂತ ಜನ ಅಂದುಕೊಳ್ಳುತ್ತಾರೆ.

ಜಿಲ್ಲೆಯ ತಲಾ ಆದಾಯ ಅಂತ ಪ್ರತಿ ವರ್ಷ ಆರ್ಥಿಕ ಸಮೀಕ್ಷೆಯಲ್ಲಿ ಪಟ್ಟಿ ಬರುತ್ತದೆ. ಬೆಂಗಳೂರು ನಗರ ಮೊದಲು, ಕಲಬುರಗಿ ಕೊನೆ, ನಡುವೆ ಹೆಚ್ಚುಕಮ್ಮಿ ಐದು ಪಟ್ಟು ಅಂತರ. ಇದನ್ನು ಓದಿದವರಿಗೆ ಕಲಬುರಗಿಯ ಮನೆಮನೆಗೆ ಹೋಗಿ ಕೇಳಿ ಬರೆದಿದ್ದಾರೆ ಅನ್ನಿಸಬಹುದು. ಹಾಗಿಲ್ಲ. ಆ ಜಿಲ್ಲೆಯ ಗಡಿಯೊಳಗೆ ಎಷ್ಟು ಮೌಲ್ಯ ಉತ್ಪಾದನೆಯಾಯಿತು ಎಂಬುದನ್ನು ಅಲ್ಲಿನ ಜನಸಂಖ್ಯೆಯಿಂದ ಭಾಗಿಸಿದ ಸಂಖ್ಯೆ ಅದು. ರೈಲ್ವೆ, ಬ್ಯಾಂಕು, ಸರ್ಕಾರಿ ಆಡಳಿತದಂಥ ಬಾಬ್ತುಗಳನ್ನು ಜಿಲ್ಲೆಯಲ್ಲಿ ಅಳೆಯುವುದೂ ಇಲ್ಲ. ರಾಜ್ಯದ ಒಟ್ಟು ಮೊತ್ತವನ್ನು ನೌಕರರ ಸಂಖ್ಯೆಯಂಥ ಯಾವುದೋ ಅಳತೆಗೋಲು ಹಿಡಿದು ಜಿಲ್ಲೆಗಳಿಗೆ ಹಂಚುತ್ತಾರೆ. ಅಂದರೆ ನಾವು ಅಳತೆ ಅಂತ ಓದುವುದರಲ್ಲಿ ಒಂದು ಪಾಲು ಹಂಚಿಕೆ.

ರಾಯಚೂರನ್ನೇ ನೋಡಿ. ಶಕ್ತಿನಗರದಲ್ಲಿ ಉಷ್ಣ ವಿದ್ಯುತ್ ಸ್ಥಾವರವಿದೆ. ಕಲ್ಲಿದ್ದಲು ಉರಿಯುವುದು ಇಲ್ಲಿ, ಬೂದಿ ಬೀಳುವುದು ಇಲ್ಲಿ, ದೀಪ ಉರಿಯುವುದು ಹೆಚ್ಚಾಗಿ ಬೇರೆ ಕಡೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ. ಜಿಲ್ಲೆಯ ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಇಷ್ಟಿದ್ದೂ ಚಿನ್ನ ತೆಗೆಯುವ ಲಿಂಗಸುಗೂರೇ ನಂಜುಂಡಪ್ಪ ಪಟ್ಟಿಯ ಅತ್ಯಂತ ಹಿಂದುಳಿದ 39ರಲ್ಲಿ ಇತ್ತು. 2018ರಲ್ಲಿ ಕೇಂದ್ರ ಸರ್ಕಾರ ಹಿಂದುಳಿದ ಜಿಲ್ಲೆಗಳನ್ನು ಮಹತ್ವಾಕಾಂಕ್ಷಿ ಜಿಲ್ಲೆಗಳು ಅಂತ ಗುರುತಿಸಿದಾಗ ಕರ್ನಾಟಕದಿಂದ ಆಯ್ಕೆಯಾದ ಎರಡು ಹೆಸರು ರಾಯಚೂರು ಮತ್ತು ಯಾದಗಿರಿ. ನೆಲದಿಂದ ಚಿನ್ನ ತೆಗೆದರೆ ಅದು ಜಿಲ್ಲೆಯ ಉತ್ಪನ್ನ. ಆ ಬೆಲೆಯಲ್ಲಿ ಎಷ್ಟು ಪಾಲು ಅಲ್ಲಿನ ಮನೆಯ ತಾಟಿಗೆ ಬಂತು ಅಂದರೆ ಉತ್ಪನ್ನದ ಪಟ್ಟಿಯಲ್ಲಿ ಉತ್ತರವಿಲ್ಲ.

ಬ್ರೆಜಿಲ್ ದೇಶ ಈ ವಿಷಯದಲ್ಲಿ ನಮಗಿಂತ ಜಾಣತನ ತೋರಿಸಿದೆ. ಅಲ್ಲಿ 1998ರಿಂದಲೇ ಪುರಸಭೆ ಮಟ್ಟದ ಮಾನವ ಅಭಿವೃದ್ಧಿ ಸೂಚ್ಯಂಕವಿದೆ. 2010ರ ಜನಗಣತಿ ಇಟ್ಟುಕೊಂಡು 5,565 ಪುರಸಭೆಗಳಿಗೂ ಅಂಕ ಕೊಟ್ಟರು. ಅವರ ಪುರಸಭೆ ಅಂದರೆ ಪಟ್ಟಣದ ಜೊತೆ ಸುತ್ತಲ ಹಳ್ಳಿಗಾಡೂ ಸೇರಿದ್ದು, ನಮ್ಮ ತಾಲ್ಲೂಕಿನ ಹಾಗೆ. ಸಾವೊ ಪಾಲೊ ಪಕ್ಕದ ಸಾವೊ ಕೇಟಾನೊ ಡೊ ಸುಲ್‌ಗೆ 0.862. ಅಮೆಜಾನ್ ನದಿ ಸಮುದ್ರ ಸೇರುವ ಕಡೆಯ ಮೆಲ್ಗಾಸೊಗೆ 0.418. ಒಂದೇ ದೇಶ, ಒಂದೇ ಭಾಷೆ, ಒಂದೇ ಫುಟ್‌ಬಾಲ್ ತಂಡ, ಆದರೆ ಅಂಕದಲ್ಲಿ ಅರ್ಧಕ್ಕರ್ಧ ವ್ಯತ್ಯಾಸ.

ಅವರು ಮಾಡಿದ ಜಾಣತನ ಇದು: ಆದಾಯದ ಜಾಗದಲ್ಲಿ ಸ್ಥಳೀಯ ಉತ್ಪನ್ನವನ್ನು ಬಳಸಲಿಲ್ಲ. ಜನಗಣತಿಯಲ್ಲಿ ಮನೆಯವರು ಹೇಳಿದ ತಿಂಗಳ ಆದಾಯವನ್ನು ಬಳಸಿದರು. ಯಾಕೆ ಅಂತ ತಿಳಿಯಲು ಪ್ರೆಸಿಡೆಂಟಿ ಕೆನೆಡಿ ಎಂಬ ಊರು ಸಾಕು. ಎಸ್ಪಿರಿಟೊ ಸಾಂಟೊ ರಾಜ್ಯದ ಕರಾವಳಿಯ ಚಿಕ್ಕ ಊರು. ಅದರ ಎದುರಿನ ಸಮುದ್ರದಲ್ಲಿ ತೈಲ ಸಿಕ್ಕಿತು. 2013ರಲ್ಲಿ ಇಡೀ ಬ್ರೆಜಿಲ್‌ನಲ್ಲಿ ತಲಾ ಉತ್ಪನ್ನದಲ್ಲಿ ಈ ಊರೇ ಮೊದಲು! ಮಾನವ ಅಭಿವೃದ್ಧಿಯಲ್ಲಿ ಮಾತ್ರ ಮಧ್ಯಮ ದರ್ಜೆ. ತೈಲದ ದುಡ್ಡು ಪೈಪಿನಲ್ಲಿ ಬಂದ ಹಾಗೇ ಹೋಯಿತು. ಉತ್ಪನ್ನದ ಅಂಕಿಯನ್ನೇ ಹಿಡಿದಿದ್ದರೆ ಅಲ್ಲಿನ ಬೆಸ್ತರನ್ನು ದೇಶದ ಅತಿ ದೊಡ್ಡ ಶ್ರೀಮಂತರು ಅಂತ ಬರೆಯಬೇಕಿತ್ತು.

ಹಟ್ಟಿಗೂ ಕೆನೆಡಿಗೂ ಇರುವ ದೂರ ಹದಿಮೂರೂವರೆ ಸಾವಿರ ಕಿಲೋಮೀಟರ್ ಇರಬಹುದು. ಕಥೆ ಒಂದೇ. ಮನೆಯ ಆದಾಯವನ್ನು ನಾವೂ ಕೇಳಬಹುದಲ್ಲ ಅಂದರೆ, ನಮ್ಮ ಜನಗಣತಿಯಲ್ಲಿ ಆದಾಯದ ಪ್ರಶ್ನೆಯೇ ಇಲ್ಲ. ಮನೆಯಲ್ಲಿ ಟಿವಿ ಇದೆಯಾ, ಬೈಕ್ ಇದೆಯಾ, ಶೌಚಾಲಯ ಇದೆಯಾ ಅಂತ ಕೇಳುತ್ತಾರೆ. ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕವೂ ಈ ಬಗೆಯದೇ. ಅಡುಗೆ ಇಂಧನ, ಬ್ಯಾಂಕ್ ಖಾತೆ, ಪೌಷ್ಟಿಕತೆ ಎಲ್ಲ ಸೇರಿಸಿ ಅಳೆಯುತ್ತದೆ. ಅದರ ಪ್ರಕಾರ 2015-16ರಿಂದ 2019-21ರ ನಡುವೆ ದೇಶದ ಬಡತನ ಶೇ. 24.85ರಿಂದ 14.96ಕ್ಕೆ ಇಳಿಯಿತು. ಬ್ಯಾಂಕ್ ಖಾತೆ ತೆರೆದ ಮಾತ್ರಕ್ಕೆ ಬಡತನ ಒಂದು ಚೂರು ಕಮ್ಮಿಯಾದಂತೆ ಲೆಕ್ಕ. ಖಾತೆಯಲ್ಲಿ ದುಡ್ಡಿದೆಯಾ ಅಂತ ಕೇಳುವುದಿಲ್ಲ ಬಿಡಿ.

ಒಂದು ಬೆರಳಿನ ಅಗಲ

ಆರೋಗ್ಯದ ಅಳತೆ ನಿಜವಾಗಿ ನಡೆಯುವ ಜಾಗಕ್ಕೆ ಹೋಗೋಣ. ಅದು ಅಂಗನವಾಡಿ. ಗೋಡೆಗೆ ಒರಗಿಸಿದ ಎತ್ತರದ ಮಾಪಕ. ಅದರ ಮುಂದೆ ಎರಡು ವರ್ಷದ ಹುಡುಗ. ಚಪ್ಪಲಿ ಬಿಚ್ಚಿಸಬೇಕು, ಹಿಮ್ಮಡಿ ಹಲಗೆಗೆ ತಾಗಬೇಕು, ತಲೆ ನೆಟ್ಟಗಿರಬೇಕು. ಎರಡು ವರ್ಷದ ಹುಡುಗ ಇದಕ್ಕೆಲ್ಲ ಒಪ್ಪುತ್ತಾನಾ? ಅವನು ಅಳುತ್ತಾ ಮೊಣಕಾಲು ಮಡಿಸುತ್ತಾನೆ. ಟೀಚರ್ ಮಂಡಿ ಒತ್ತಿ ಹಿಡಿಯುತ್ತಾರೆ, ಸಹಾಯಕಿ ಗದ್ದ ಹಿಡಿಯುತ್ತಾರೆ, ಅಮ್ಮ ಎದುರಿಗೆ ನಿಂತು ಬಿಸ್ಕತ್ತು ತೋರಿಸುತ್ತಾಳೆ. ಮಾಪಕ 81.5 ಸೆಂಟಿಮೀಟರ್ ಅನ್ನುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಳತೆಪಟ್ಟಿ ಪ್ರಕಾರ 24 ತಿಂಗಳ ಹುಡುಗ 81 ಸೆಂಟಿಮೀಟರ್‌ಗಿಂತ ಕಮ್ಮಿ ಇದ್ದರೆ ಬೆಳವಣಿಗೆ ಕುಂಠಿತ. 26 ತಿಂಗಳಿಗೆ ಆ ಗೆರೆ 82.5. ಈಗ ಹುಡುಗನಿಗೆ ವಯಸ್ಸೆಷ್ಟು? ತಾಯಿ ಕಾರ್ಡ್ ಇದ್ದರೆ ಸರಿ. ಇಲ್ಲದಿದ್ದರೆ "ಹೋದ ವರ್ಷದ ಹಿಂದಿನ ಜಾತ್ರೆಗೆ ಹುಟ್ಟಿದ್ದು" ಎಂಬ ಉತ್ತರ. ಎರಡು ತಿಂಗಳು ಆಚೀಚೆ ಆದರೆ ಅದೇ ಹುಡುಗ ಆರೋಗ್ಯವಂತನೂ ಹೌದು, ಕುಂಠಿತನೂ ಹೌದು. ಇನ್ನೊಂದು ತಮಾಷೆ ಇದೆ. ಎರಡು ವರ್ಷದೊಳಗಿನ ಮಕ್ಕಳನ್ನು ಮಲಗಿಸಿ ಅಳೆಯಬೇಕು, ಮೇಲ್ಪಟ್ಟವರನ್ನು ನಿಲ್ಲಿಸಿ. ಮಲಗಿಸಿದರೆ 0.7 ಸೆಂಟಿಮೀಟರ್ ಉದ್ದ ಬರುತ್ತದೆ ಅಂತ ಅಳತೆಪಟ್ಟಿಯೇ ಒಪ್ಪಿಕೊಂಡಿದೆ. ಹೆಚ್ಚುಕಮ್ಮಿ ಪೆನ್ಸಿಲ್ಲಿನ ದಪ್ಪ.

ದೇಶದ ಲಕ್ಷಾಂತರ ಮಕ್ಕಳ ಅಳತೆಯಲ್ಲಿ ಇಂಥ ತಪ್ಪುಗಳು ಸ್ವಲ್ಪ ಮೇಲೆ ಕೆಳಗೆ ಆಗಿ ಒಂದನ್ನೊಂದು ಹೊಡೆದುಹಾಕುತ್ತವೆ. ಒಂದು ಊರಿನ 20 ಮಕ್ಕಳಲ್ಲಿ ಹಾಗಾಗುವುದಿಲ್ಲ. ಮೂವರು ಮಕ್ಕಳ ವಯಸ್ಸು ತಪ್ಪಾದರೆ ಊರಿನ ಅಂಕಿ ಶೇ. 15ರಷ್ಟು ಜಿಗಿಯುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಳೆಯುವವರಿಗೆ ತರಬೇತಿ ಕೊಟ್ಟು ಇದನ್ನೆಲ್ಲ ಸರಿಯಾಗಿ ಮಾಡಲು ನೋಡುತ್ತದೆ. ಐದನೇ ಸುತ್ತಿನಲ್ಲಿ, ಅಂದರೆ 2019-21ರಲ್ಲಿ, 707 ಜಿಲ್ಲೆಗಳ ಸುಮಾರು 6.37 ಲಕ್ಷ ಮನೆಗಳಿಗೆ ಹೋದರು. ದೊಡ್ಡ ಕೆಲಸ. ಆದರೆ ಭಾಗಿಸಿ ನೋಡಿ, ಜಿಲ್ಲೆಗೆ 900 ಮನೆ. ಅಲ್ಲಿ ಐದು ವರ್ಷದೊಳಗಿನ ಮಕ್ಕಳು 300 ಸಿಕ್ಕರು, ಅವರಲ್ಲಿ ನೂರಕ್ಕೆ 40 ಮಂದಿ ಕುಂಠಿತ ಅಂತಿಟ್ಟುಕೊಳ್ಳೋಣ. ಸಂಖ್ಯಾಶಾಸ್ತ್ರದ ನಿಯಮದಂತೆ ನಿಜವಾದ ಅಂಕಿ 34ರಿಂದ 46ರ ನಡುವೆ ಎಲ್ಲಾದರೂ ಇರಬಹುದು. ಅದೇ ಜಿಲ್ಲೆಯನ್ನು ಆರು ತಾಲ್ಲೂಕು ಮಾಡಿದರೆ ತಾಲ್ಲೂಕಿಗೆ 50 ಮಕ್ಕಳು. ಆಗ ಉತ್ತರ 26ರಿಂದ 54. ಇಷ್ಟಗಲ ಬಾಯಿ ತೆರೆದ ಅಂಕಿಯನ್ನು ಇಟ್ಟುಕೊಂಡು ಒಂದು ತಾಲ್ಲೂಕು ಇನ್ನೊಂದಕ್ಕಿಂತ ಹಿಂದೆ ಅಂತ ಹೇಳುವುದಾದರೂ ಹೇಗೆ? ಪತ್ರಿಕೆಯಲ್ಲಿ ಮಾತ್ರ "ಶೇ. 40.3" ಅಂತ ದಶಾಂಶ ಸಮೇತ ಅಚ್ಚಾಗುತ್ತದೆ.

ಇದಕ್ಕೆ ಪಂಡಿತರು ಒಂದು ಉಪಾಯ ಮಾಡಿದ್ದಾರೆ. ನಾನು ಅದನ್ನು ಕೈಗಡ ಅಂತ ಕರೆಯುತ್ತೇನೆ. 1979ರಲ್ಲಿ ಅಮೆರಿಕದ ಫೇ ಮತ್ತು ಹೆರಿಯಟ್ ಎಂಬಿಬ್ಬರು, ಸಾವಿರ ಜನರೂ ಇಲ್ಲದ ಊರುಗಳ ಆದಾಯ ಅಂದಾಜು ಮಾಡಲು ಇದನ್ನು ಬಳಸಿದರು. ಆ ಊರಿನಲ್ಲಿ ಸಿಕ್ಕ ಮಾಹಿತಿ ಸಾಲದು, ಆದ್ದರಿಂದ ಅದರಂತೆಯೇ ಇರುವ ಬೇರೆ ಊರುಗಳಿಂದ ಸ್ವಲ್ಪ ಬಲ ಕಡ ತರುವುದು. ಮುಂದೆ ವಿಶ್ವಬ್ಯಾಂಕ್ ಇಂಥದೇ ದಾರಿಯಲ್ಲಿ ಈಕ್ವೆಡಾರ್‌ನ ಬಡತನ ನಕ್ಷೆ ಮಾಡಿತು. 2018ರಲ್ಲಿ ಆಫ್ರಿಕಾದ ಮಕ್ಕಳ ಬೆಳವಣಿಗೆಯನ್ನು 5 ಕಿಲೋಮೀಟರ್ ಚೌಕಗಳಲ್ಲಿ ತೋರಿಸಿದ ನಕ್ಷೆ ಬಂತು. ಅದನ್ನು ಮಾಡಿದ್ದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆರೋಗ್ಯ ಮಾಪನ ಸಂಸ್ಥೆ. ನೋಡಲು ಬಹಳ ಚೆಂದ. ಬಹುಪಾಲು ಚೌಕಗಳಲ್ಲಿ ಯಾರೂ ಯಾವ ಮಗುವನ್ನೂ ಅಳೆದಿಲ್ಲ ಎಂಬುದು ಬಣ್ಣ ನೋಡಿದರೆ ಗೊತ್ತಾಗುವುದಿಲ್ಲ.

ಕೈಗಡಕ್ಕೆ ಬಡ್ಡಿ ಉಂಟು. ನೆರೆಹೊರೆಯಂತೆ ಇಲ್ಲದ ಊರು ಇದರಲ್ಲಿ ಕಳೆದುಹೋಗುತ್ತದೆ. ಬಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಳ್ಳೇ ನರ್ಸ್ ಇದ್ದು ಮಕ್ಕಳೆಲ್ಲ ಚೆನ್ನಾಗಿದ್ದರೆ, ಲೆಕ್ಕ ಆ ಹಳ್ಳಿಯನ್ನು ಸುತ್ತಲಿನ ಸರಾಸರಿಯ ಕಡೆ ಎಳೆದುಬಿಡುತ್ತದೆ. ನೀರಿನಲ್ಲಿ ಆರ್ಸೆನಿಕ್ ಇರುವ ಹಳ್ಳಿಯನ್ನೂ ಹಾಗೇ ಎಳೆಯುತ್ತದೆ, ಈ ಸಲ ಮೇಲಕ್ಕೆ. ಸ್ಥಳೀಯ ಅಳತೆ ಬೇಕಿದ್ದಿದ್ದೇ ಇಂಥ ಊರುಗಳನ್ನು ಹುಡುಕಲು.

ಗ್ಲಾಸ್ಗೋದ 54

ಮಾದರಿ ಸಮೀಕ್ಷೆಯ ಗೋಜೇ ಬೇಡ, ಪ್ರತಿ ಸಾವನ್ನೂ ಕಟ್ಟುನಿಟ್ಟಾಗಿ ಬರೆದಿಡುವ ದೇಶದಲ್ಲಿ ಏನಾಗುತ್ತದೆ? ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕಥೆ ಈ ಕ್ಷೇತ್ರದವರಿಗೆಲ್ಲ ಬಾಯಿಪಾಠ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗದ ವರದಿ ಹೇಳಿತು: ಕ್ಯಾಲ್ಟನ್ ಎಂಬ ಬಡಾವಣೆಯ ಗಂಡಸರ ನಿರೀಕ್ಷಿತ ಆಯಸ್ಸು 54 ವರ್ಷ. ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಲೆಂಜಿಯಲ್ಲಿ 82. ಭಾರತದ ಗಂಡಸರ ಅಂದಿನ ಸರಾಸರಿ ಕೂಡ ಕ್ಯಾಲ್ಟನ್‌ಗಿಂತ ಮೇಲಿತ್ತು. ಬ್ರಿಟನ್ನಿನಂಥ ದೇಶದಲ್ಲಿ, ಉಚಿತ ಸರ್ಕಾರಿ ಆಸ್ಪತ್ರೆ ಇರುವ ನಗರದಲ್ಲಿ 28 ವರ್ಷದ ಅಂತರ.

ಅಂಕಿ ಸುಳ್ಳಲ್ಲ. ಆದರೆ ಕ್ಯಾಲ್ಟನ್ ಚಿಕ್ಕ ಬಡಾವಣೆ. ಮನೆಯಿಲ್ಲದ ಗಂಡಸರಿಗಾಗಿ ನಡೆಸುವ ಹಾಸ್ಟೆಲ್‌ಗಳು ಅಲ್ಲೇ ಇದ್ದವು. ಇಡೀ ಗ್ಲಾಸ್ಗೋದಿಂದ ಕುಡಿತ, ಮಾದಕ ವಸ್ತು, ಕಾಯಿಲೆಯಿಂದ ಹೈರಾಣಾದವರು ಬಂದು ಸೇರುತ್ತಿದ್ದರು, ಅಲ್ಲೇ ಸಾಯುತ್ತಿದ್ದರು. ಅವರ ಬದುಕು ಹಾಳಾಗಿದ್ದು ಬೇರೆ ಬೇರೆ ಬೀದಿಗಳಲ್ಲಿ. ಸಾವು ಮಾತ್ರ ಕ್ಯಾಲ್ಟನ್ ಲೆಕ್ಕಕ್ಕೆ. ಅಮೆರಿಕದಲ್ಲಿ ಇದರದೇ ಉಲ್ಟಾ ಉದಾಹರಣೆ ಇದೆ. 2018ರಲ್ಲಿ ಅವರು 65 ಸಾವಿರಕ್ಕೂ ಹೆಚ್ಚು ಬಡಾವಣೆಗಳ ಆಯಸ್ಸು ಲೆಕ್ಕ ಹಾಕಿದರು. ಎಲ್ಲಕ್ಕಿಂತ ಮೇಲೆ ಬಂದದ್ದು ನಾರ್ತ್ ಕರೊಲಿನಾದ ಫಿಯರಿಂಗ್ಟನ್, 97.5 ವರ್ಷ. ಅಲ್ಲಿನ ನೀರಿನಲ್ಲಿ ಅಮೃತವೇನೂ ಇಲ್ಲ. ಅದು ನಿವೃತ್ತರು ಮನೆ ಮಾಡಿಕೊಂಡು ಹೋಗುವ ಜಾಗ. ದುಡ್ಡಿದ್ದು, ಅಷ್ಟು ವಯಸ್ಸಿನ ತನಕ ಗಟ್ಟಿಯಾಗಿ ಇದ್ದವರಷ್ಟೇ ಅಲ್ಲಿಗೆ ಹೋಗುತ್ತಾರೆ.

ಊರು ಜನರನ್ನು ಕಾಯಿಲೆಗೆ ನೂಕುತ್ತದೋ, ಕಾಯಿಲೆ ಇದ್ದವರೇ ಆ ಊರಿಗೆ ಬಂದು ಸೇರುತ್ತಾರೋ? ದೊಡ್ಡ ಪ್ರದೇಶದಲ್ಲಿ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಬೀದಿಯ ಮಟ್ಟಕ್ಕೆ ಇಳಿದಾಗ ಬೇರೆಲ್ಲವನ್ನೂ ಬದಿಗೆ ತಳ್ಳಿ ಇದೇ ಎದುರು ನಿಲ್ಲುತ್ತದೆ. ಹುಬ್ಬಳ್ಳಿ, ಮಂಗಳೂರು, ಮಣಿಪಾಲದ ದೊಡ್ಡಾಸ್ಪತ್ರೆಗಳಲ್ಲಿ ಎಷ್ಟೋ ಜಿಲ್ಲೆಗಳ ರೋಗಿಗಳು ಕೊನೆಯುಸಿರು ಎಳೆಯುತ್ತಾರೆ. ನೋಂದಣಿಯ ಅಂಕಿಯನ್ನು ಹಾಗೇ ಓದಿದರೆ ಒಳ್ಳೇ ಆಸ್ಪತ್ರೆ ಇರುವ ಊರೇ ಅಪಾಯದ ಊರು ಅನ್ನಿಸಬೇಕು.

ಮೇಲಿಂದ ಕಾಣುವುದು, ಕಾಣದ್ದು

ಹಾಗಾದರೆ ಆಕಾಶದಿಂದಲೇ ನೋಡಿದರೆ ಆಯಿತಲ್ಲ? ರಾತ್ರಿ ಬೆಳಕಿನ ಉಪಗ್ರಹ ಚಿತ್ರಗಳು 1992ರಿಂದ ಸಿಗುತ್ತವೆ. ಬೆಳಕು ಹೆಚ್ಚಿದ ಕಡೆ ಆರ್ಥಿಕ ಚಟುವಟಿಕೆ ಹೆಚ್ಚಿರುತ್ತದೆ ಎಂಬುದನ್ನು 2012ರಲ್ಲಿ ಹೆಂಡರ್ಸನ್, ಸ್ಟೋರಿಗಾರ್ಡ್ ಮತ್ತು ವೀಲ್ ಎಂಬ ಅರ್ಥಶಾಸ್ತ್ರಜ್ಞರು ಪಟ್ಟಾಗಿ ತೋರಿಸಿದರು. ಇದರ ಒಂದು ಉಪಯೋಗ ನನಗೆ ತುಂಬ ಇಷ್ಟ. ಸರ್ವಾಧಿಕಾರಿಗಳ ದೇಶಗಳು ಹೇಳಿಕೊಳ್ಳುವ ಬೆಳವಣಿಗೆಯನ್ನು ಬೆಳಕಿನ ಜೊತೆ ಹೋಲಿಸಿ, ಅವರು ಸುಮಾರು ಮೂರನೇ ಒಂದು ಪಾಲಿನಷ್ಟು ಉಬ್ಬಿಸಿ ಹೇಳುತ್ತಾರೆ ಅಂತ 2022ರ ಅಧ್ಯಯನವೊಂದು ಲೆಕ್ಕ ತೆಗೆಯಿತು. ಬೆಳಕಿಗೆ ಯಾರ ಹೆದರಿಕೆಯೂ ಇಲ್ಲ.

ಆದರೆ ಬೆಳಕಿಗೆ ಮನೆ ಯಾವುದು, ಕಾರ್ಖಾನೆ ಯಾವುದು ಅಂತ ಗೊತ್ತಿಲ್ಲ. ರಾತ್ರಿಯ ಚಿತ್ರದಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಜಗಜಗಿಸುತ್ತದೆ. ಸುತ್ತಲಿನ ಹಳ್ಳಿಯ ಮನೆಯೊಳಗಿನ ಒಂದು ಬಲ್ಬು ಕಾಣುವುದಿಲ್ಲ. ಬೀದಿದೀಪಗಳನ್ನು ಹಳದಿ ಸೋಡಿಯಂನಿಂದ ಬಿಳಿ ಎಲ್‌ಇಡಿಗೆ ಬದಲಿಸಿದರೆ ಊರು ಬಡವಾದಂತೆ ಕಾಣಲೂಬಹುದು, ಯಾಕೆಂದರೆ ಈಗಿನ ಮುಖ್ಯ ಉಪಗ್ರಹದ ಕಣ್ಣಿಗೆ ನೀಲಿ ಬೆಳಕು ಸರಿಯಾಗಿ ಕಾಣುವುದಿಲ್ಲ. ಹಗಲಿನ ಚಿತ್ರಗಳಿಂದ ಬಡತನ ಊಹಿಸುವ ಕೆಲಸವನ್ನು ಸ್ಟ್ಯಾನ್‌ಫರ್ಡ್‌ನವರು 2016ರಲ್ಲಿ ನೈಜೀರಿಯಾ, ಉಗಾಂಡಾ ಸೇರಿ ಐದು ಆಫ್ರಿಕನ್ ದೇಶಗಳಲ್ಲಿ ಮಾಡಿ ತೋರಿಸಿದರು. ತಗಡಿನ ಮಾಡು, ಟಾರು ರಸ್ತೆ, ಹೊಲದ ಆಕಾರ ನೋಡಿ ಕಂಪ್ಯೂಟರ್ ಅಂದಾಜು ಮಾಡುತ್ತದೆ. ಸಮೀಕ್ಷೆಯೇ ನಡೆಯದ ದೇಶಕ್ಕೆ ಇದು ವರ. ಆರೋಗ್ಯದ ವಿಷಯಕ್ಕೆ ಬಂದರೆ ನನಗೆ ಅನುಮಾನ. ರಸ್ತೆಗೆ ಟಾರು ಬಿದ್ದರೆ ಮೇಲಿಂದ ಕಾಣುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಿಗೆ ಬೀಗ ಬಿದ್ದರೆ ಕಾಣುವುದಿಲ್ಲ.

ಗಡಿ ಎಳೆದಾಗ

ಇನ್ನೊಂದು ಸಣ್ಣ ವಿಷಯ. 2009ರ ಕೊನೆಯಲ್ಲಿ ಅಂದಿನ ಗುಲ್ಬರ್ಗ ಜಿಲ್ಲೆಯಿಂದ ಯಾದಗಿರಿಯನ್ನು ಬೇರೆ ಮಾಡಿದರು. ಓದು ಬರಹದಲ್ಲಿ ಹೆಚ್ಚು ಹಿಂದಿದ್ದ ತಾಲ್ಲೂಕುಗಳು ಹೊಸ ಜಿಲ್ಲೆಗೆ ಹೋದವು. ಮಾರನೇ ದಿನ ಬೆಳಿಗ್ಗೆ ಗುಲ್ಬರ್ಗದ ಸಾಕ್ಷರತೆಯ ಸರಾಸರಿ ಮೇಲೇರಿತು. ಯಾರ ಮನೆಯಲ್ಲೂ ಒಂದು ಅಕ್ಷರ ಹೆಚ್ಚು ಕಲಿಯಲಿಲ್ಲ. 175 ಇದ್ದ ತಾಲ್ಲೂಕುಗಳು ಈಗ 230 ದಾಟಿವೆ. ಹಾಗಾಗಿ 2002ರ ಪಟ್ಟಿಯನ್ನು ಇಂದಿನದರ ಜೊತೆ ನೇರವಾಗಿ ಹೋಲಿಸಲು ಬರುವುದಿಲ್ಲ. ರಾಜ್ಯ ಸರ್ಕಾರ 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ನೇತೃತ್ವದಲ್ಲಿ ಪ್ರಾದೇಶಿಕ ಅಸಮತೋಲನದ ಬಗ್ಗೆ ಹೊಸ ಸಮಿತಿ ಮಾಡಿದ್ದು ತಾಲ್ಲೂಕುಗಳನ್ನು ಹೊಸದಾಗಿ ಅಳೆಯುವ ಕೆಲಸಕ್ಕೆ. ಪಟ್ಟಿಯಲ್ಲಿ ಹೆಸರಿದ್ದರೆ ಅನುದಾನ ಬರುತ್ತದೆ, ಹೋದರೆ ಹೋಗುತ್ತದೆ. ಹಾಗಾಗಿ ನಮ್ಮ ತಾಲ್ಲೂಕು ಹಿಂದುಳಿದಿದೆ ಅಂತ ಸಾಬೀತು ಮಾಡಲು ಶಾಸಕರು ಪೈಪೋಟಿಗೆ ನಿಲ್ಲುವುದನ್ನೂ ನೋಡಬಹುದು.

ಇಂಥ ಸಮಿತಿ ಯಾವುದೇ ಇರಲಿ, ಹತ್ತು ಸಾವಿರ ಜನಕ್ಕೆ ಇಷ್ಟು ಅಂತ ಭಾಗಿಸಲು ಜನಸಂಖ್ಯೆ ಬೇಕು. ನಮ್ಮ ಕೊನೆಯ ಜನಗಣತಿ 2011ರದ್ದು. ಮುಂದಿನದು 2027ರ ಫೆಬ್ರುವರಿಗೆ ನಿಗದಿಯಾಗಿದೆ, ಮಾರ್ಚ್ 1ರ ಲೆಕ್ಕ. ಈ ಸಲ ಮೊಬೈಲ್ ಆ್ಯಪ್‌ನಲ್ಲಿ ಎಣಿಕೆ, ಅಂಕಿ ಬೇಗ ಬರುತ್ತದೆ ಎಂಬ ಭರವಸೆ ಇದೆ.

ಫೆಬ್ರುವರಿ ಅಂದರೆ ರಾಯಚೂರು, ಯಾದಗಿರಿ ಕಡೆ ಹತ್ತಿ, ತೊಗರಿ ಮುಗಿದ ಕಾಲ. ಗುಳೆ ಹೋಗುವ ಕಾಲ. ಹಳ್ಳಿಯಲ್ಲಿ ಮುದುಕರು, ಬೀಗ ಹಾಕಿದ ಬಾಗಿಲುಗಳು. ಎಣಿಕೆಯ ದಿನಗಳಲ್ಲಿ ಒಮ್ಮೆಯೂ ಮನೆಗೆ ಬಾರದವರನ್ನು ಆ ಊರಿನಲ್ಲಿ ಬರೆಯುವುದಿಲ್ಲ, ಎಲ್ಲಿದ್ದಾರೋ ಅಲ್ಲಿ ಬರೆಯುತ್ತಾರೆ. ಸೆಂಟ್ರಿಂಗ್ ಕೆಲಸದ ಆ ಗಂಡ, ಅಷ್ಟು ಹೊತ್ತಿಗೆ ಮಗು ಎತ್ತಿಕೊಂಡು ಅವನ ಜೊತೆ ಹೋಗಿರುವ ಹೆಂಡತಿ, ಇಬ್ಬರೂ ಬೆಂಗಳೂರಿನ ಯಾವುದೋ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಎಣಿಕೆಗೆ ಸಿಗುತ್ತಾರೆ, ಎಣಿಸುವವರು ಅಲ್ಲಿಯ ತನಕ ಹೋದರೆ. ಶಹಾಪುರದ ಜನಸಂಖ್ಯೆಯಲ್ಲಿ ಮೂವರು ಕಮ್ಮಿ. ಅಂಥ ಸಾವಿರಾರು ಮನೆಗಳನ್ನು ಕಳೆದ ಮೇಲೆ, ಹತ್ತು ಸಾವಿರ ಜನಕ್ಕೆ ಎಷ್ಟು ವೈದ್ಯರು ಎಂಬ ಶಹಾಪುರದ ಅಂಕಿ ಒಂದಿಷ್ಟು ಮೇಲೇರಿರುತ್ತದೆ, ಒಬ್ಬ ಡಾಕ್ಟರೂ ಹೊಸದಾಗಿ ಬಾರದೆ.